ಮಡಿಕೇರಿಯಲ್ಲಿ ಬಸ್ಟರ್ ಕೀಟನ್: ಯಾವ ಚಿತ್ರ ತೋರಿಸಲಿ, ಏನು ಹೇಳಲಿ?

ಮಂಜಿನೂರು:
ಜುಲೈ ಕೊನೆಗೆ ಮಡಿಕೇರಿಯ ಒಂದು ಹೈಸ್ಕೂಲಿನಲ್ಲಿ ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಬಗ್ಗೆ ಎರಡೂವರೆ ಗಂಟೆಯ ಕಾರ್ಯಕ್ರಮ. ಎಂಟು, ಒಂಬತ್ತನೇ ತರಗತಿಯ 80 ಮಕ್ಕಳು. ಶೀಟ್ ಮಾಡಿನ ಹಾಲ್, 300 ವಾಟ್ ಪ್ರೊಜೆಕ್ಟರ್, 8 ಅಡಿ ಅಗಲದ ಪರದೆ. ಮಕ್ಕಳಿಗೆ ಚಾಪ್ಲಿನ್ ಗೊತ್ತು, ಕೀಟನ್ ಗೊತ್ತಿಲ್ಲ. ಯಾವ ಚಿತ್ರ ಮೊದಲು? ಸಿಕ್ಕಿರುವ ಒಂದು ಫೈಲಿನಲ್ಲಿ ಜನ ಗಡಿಬಿಡಿಯಲ್ಲಿ ಕುಪ್ಪಳಿಸಿದಂತೆ ಕಾಣುತ್ತಾರೆ, ಅದನ್ನು ಸರಿಮಾಡುವುದು ಹೇಗೆ? ಅವನ ಬದುಕಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ‘ಮಾತಿನ ಚಿತ್ರ ಬಂತು, ಮೂಕಿ ನಟ ಮೂಲೆಗೆ ಬಿದ್ದ’ ಎಂದರೆ ಸಾಕೇ?

ಹಳೇ ರೀಲು:
ಕೊನೆಯ ಪ್ರಶ್ನೆ ಮೊದಲು ತಗೊಳ್ತೀನಿ. ಆ ಮಾತನ್ನು ದಯವಿಟ್ಟು ಹೇಳಬೇಡಿ, ಅದು ತಪ್ಪು.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್‌ನ ಪಿಕ್ವಾದಲ್ಲಿ. ಎಳೆಯ ಮಗುವಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ವೇದಿಕೆ ಹತ್ತಿದವನು. ಅಪ್ಪ ಅವನನ್ನು ಎತ್ತಿ ಎಸೆಯುವುದೇ ಆಟ. ತಾನು ನಕ್ಕರೆ ಜನ ನಗುವುದಿಲ್ಲ, ಮುಖ ಬಿಗಿಹಿಡಿದರೆ ಬಿದ್ದು ಬಿದ್ದು ನಗುತ್ತಾರೆ ಎಂದು ಅಲ್ಲೇ ಕಲಿತ. ವೇದಿಕೆಯಲ್ಲೇ ಬೆಳೆದವನು, ಅಂದರೆ ಧ್ವನಿಗೆ ಹೆದರುವ ನಟ ಅವನಲ್ಲ. 1917ರಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್ ಜೊತೆ ಸಿನಿಮಾಕ್ಕೆ ಬಂದ, 1920ರಿಂದ ಸ್ವಂತ ತಂಡ ಕಟ್ಟಿಕೊಂಡು ಕೆಲಸ ಮಾಡಿದ. ಕೆಟ್ಟದ್ದು 1928ರಲ್ಲಿ, ಹಾಲಿವುಡ್‌ನ ದೊಡ್ಡ ಚಿತ್ರಸಂಸ್ಥೆ ಎಂಜಿಎಂನ ಒಪ್ಪಂದಕ್ಕೆ ಸಹಿ ಹಾಕಿದಾಗ. ಅವನ ತಂಡ ಚದುರಿತು. ಚಿತ್ರಕಥೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕಾಯಿತು. ಸೆಟ್ಟಿಗೆ ಹೋಗಿ, ನೋಡಿ, ಹೊಳೆದದ್ದನ್ನು ಕಟ್ಟುವ ಅವನ ಪದ್ಧತಿಗೆ ಅಲ್ಲಿ ಜಾಗ ಇರಲಿಲ್ಲ. ಅಲ್ಲಿ ಅವನು ಮಾಡಿದ ಮಾತಿನ ಚಿತ್ರಗಳು ದುಡ್ಡು ಮಾಡಿದವು. ಹೋದದ್ದು ಧ್ವನಿಯಿಂದಲ್ಲ, ಹಿಡಿತ ತಪ್ಪಿದ್ದರಿಂದ. ಕುಡಿತ ಹೆಚ್ಚಿತು, 1932ರಲ್ಲಿ ವಿಚ್ಛೇದನ, 1933ರಲ್ಲಿ ಕೆಲಸವೂ ಹೋಯಿತು.

ಕಥೆ ಅಲ್ಲಿಗೇ ನಿಲ್ಲಿಸಬೇಡಿ. 1940ರಲ್ಲಿ ಎಲಿನರ್ ನಾರಿಸ್‌ಳನ್ನು ಮದುವೆಯಾದ, ಆ ಸಂಸಾರ ಕೊನೆಯವರೆಗೂ ಗಟ್ಟಿಯಾಗಿತ್ತು. 1950ರ ದಶಕದಲ್ಲಿ ಅವನ ಹಳೇ ಬಂಗಲೆಯಲ್ಲಿ ವಾಸವಿದ್ದ ನಟ ಜೇಮ್ಸ್ ಮೇಸನ್‌ಗೆ ಕೀಟನ್ ಚಿತ್ರಗಳ ನೈಟ್ರೇಟ್ (ಆ ಕಾಲದ, ಬೇಗ ಬೆಂಕಿ ಹತ್ತುವ ಫಿಲ್ಮ್) ಪ್ರತಿಗಳು ಸಿಕ್ಕವು. 1960ರಲ್ಲಿ ಗೌರವ ಆಸ್ಕರ್, 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ. ತೀರಿಕೊಂಡದ್ದು 1966ರ ಫೆಬ್ರವರಿ 1ರಂದು.

ಚಿತ್ರ: ಮೊದಲು ‘ಒನ್ ವೀಕ್’ (1920), ಸುಮಾರು 25 ನಿಮಿಷ. ಪೆಟ್ಟಿಗೆಗಳಲ್ಲಿ ಬಂದ ಮನೆಯ ಭಾಗಗಳನ್ನು ನವದಂಪತಿ ಜೋಡಿಸುತ್ತಾರೆ, ಯಾರೋ ಪೆಟ್ಟಿಗೆಯ ನಂಬರ್ ತಿದ್ದಿರುತ್ತಾನೆ. ಗಾಳಿಮಳೆಗೆ ಮನೆಯೇ ಗಿರಗಿರ ತಿರುಗುತ್ತದೆ. ಕೊಡಗಿನ ಮಕ್ಕಳಿಗೆ ವಿವರಣೆ ಬೇಕಾಗಿಲ್ಲ. ಆಮೇಲೆ ‘ದ ಜನರಲ್’ (1926), ಕದ್ದೊಯ್ದ ರೈಲು ಇಂಜಿನ್ನನ್ನು ಬೆನ್ನಟ್ಟುವ ಕಥೆ, ಒಂದೂಕಾಲು ಗಂಟೆಯ ಆಸುಪಾಸು.

ಬೆಳಕುಪೆಟ್ಟಿಗೆ:
ವೇಗದ ಲೆಕ್ಕ ಹೀಗೆ. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್), ಪೂರ್ತಿ ರೀಲ್ 1000 ಅಡಿ, ಒಟ್ಟು 16,000 ಚೌಕಟ್ಟು. ಸೆಕೆಂಡಿಗೆ 16ರಂತೆ ಓಡಿಸಿದರೆ 16 ನಿಮಿಷ 40 ಸೆಕೆಂಡ್, 20ರಂತೆ 13 ನಿಮಿಷ 20 ಸೆಕೆಂಡ್, 24ರಂತೆ 11 ನಿಮಿಷ ಚಿಲ್ಲರೆ. ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದ ಕಾಲ, ವೇಗ ಒಂದೇ ಸಮ ಇರುತ್ತಿರಲಿಲ್ಲ. ನಿಧಾನವಾಗಿ ತೆಗೆದದ್ದನ್ನು 24ಕ್ಕೆ ಕೂರಿಸಿದ ಫೈಲ್ ಕುಪ್ಪಳಿಸುತ್ತದೆ. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ವೇಗ 0.80 ಇಟ್ಟರೆ ಸೆಕೆಂಡಿಗೆ 19.2 ಆಗುತ್ತದೆ. ಆಗ ಫೈಲಿನ ಸಂಗೀತ ಎಳೆದಂತಾಗುವುದರಿಂದ ಅದನ್ನು ಮ್ಯೂಟ್ ಮಾಡಿ. ಸರಿಯಾಯಿತೇ ಎಂದು ತಿಳಿಯಲು ಜನರ ನಡಿಗೆ ನೋಡಿ, ಓಟ ನೋಡಬೇಡಿ: ಓಟದ ದೃಶ್ಯಗಳನ್ನು ಬೇಕೆಂದೇ ಚುರುಕಾಗಿಸುತ್ತಿದ್ದರು, ಅವನ್ನೂ ನಿಧಾನ ಮಾಡಿದರೆ ಚಿತ್ರ ಸತ್ತುಹೋಗುತ್ತದೆ. ಒಳ್ಳೆಯ ಪುನರುಜ್ಜೀವಿತ ಪ್ರತಿಯಾದರೆ ವೇಗ ಮುಟ್ಟಲೇಬೇಡಿ.

ಇನ್ನೂ ದೊಡ್ಡ ತಪ್ಪು ಚಿತ್ರದ ಆಕಾರದಲ್ಲಿ ಆಗುತ್ತದೆ. ಚಿತ್ರ 4:3 ಅಳತೆಯದು, ಅಂದರೆ ಅಗಲ 4 ಆದರೆ ಎತ್ತರ 3. ನಿಮ್ಮ 8 ಅಡಿ ಅಗಲಕ್ಕೆ 6 ಅಡಿ ಎತ್ತರ ಬೇಕು. ಈಗಿನ ಅಗಲವಾದ 16:9 ಚೌಕಟ್ಟನ್ನು ತುಂಬಿಸಲು ಹಿಗ್ಗಿಸಿದರೆ ಎಲ್ಲರೂ ಡುಮ್ಮಗಾಗುತ್ತಾರೆ, ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಕೀಟನ್ ಆಟವನ್ನು ತಲೆಯಿಂದ ಕಾಲಿನವರೆಗೆ ಒಂದೇ ಶಾಟಿನಲ್ಲಿ ತೋರಿಸುವವನು. ಕಾಲು ಕತ್ತರಿಸಿದರೆ ನಂಬಿಕೆಯೇ ಹೋಯಿತು.

ಜುಲೈಯಲ್ಲಿ ಕರೆಂಟ್ ನಂಬಬೇಡಿ. ಲ್ಯಾಂಪ್ ಪ್ರೊಜೆಕ್ಟರಾದರೆ ಕರೆಂಟ್ ಹೋದೊಡನೆ ಫ್ಯಾನ್ ನಿಂತು ಲ್ಯಾಂಪ್ ಬಿಸಿಗೆ ಕೆಡುತ್ತದೆ. 1 ಕೆವಿಎ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ) ಇಡಿ, ಸಲೀಸಾಗಿ ಆರಿಸುವಷ್ಟು ಹೊತ್ತು ಸಿಗುತ್ತದೆ. ಥಂಡಿಯಿಂದ ತಂದ ಲೆನ್ಸಿಗೆ ಹಾಲಿನೊಳಗೆ ಆವಿ ಕೂರುತ್ತದೆ, ಅರ್ಧ ಗಂಟೆ ಮೊದಲೇ ತಂದಿಡಿ. ಕನ್ನಡ ಸಬ್‌ಟೈಟಲ್ ಮಾಡಿದರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಿ, ಇಲ್ಲದಿದ್ದರೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಒತ್ತಕ್ಷರ ಒಡೆಯುತ್ತವೆಯೇ ಎಂದು ಅದೇ ಲ್ಯಾಪ್‌ಟಾಪಿನಲ್ಲಿ ಮುಂಚೆಯೇ ನೋಡಿ.

ದುಡಿನಾದ:
ಫೈಲಿನ ಸಂಗೀತ ಮ್ಯೂಟ್ ಆದರೆ ಮಕ್ಕಳೇ ದುಡಿ (ಕೊಡಗಿನ ಪುಟ್ಟ ಚರ್ಮವಾದ್ಯ) ಬಾರಿಸಲಿ. ಆದರೆ ಉದ್ದಕ್ಕೂ ಬೇಡ. ‘ದ ಜನರಲ್’ನ ಇಂಜಿನ್ ಓಟಕ್ಕೆ ಒಂದೇ ನಡೆ ಹಿಡಿದು, ಇಂಜಿನ್ ನಿಂತಾಗ ದುಡಿಯೂ ನಿಲ್ಲಲಿ. ಬೀಳುವ ಮೊದಲೇ ಪೆಟ್ಟು ಹೊಡೆದರೆ ನಗು ಹಾಳು, ಬಿದ್ದ ಮೇಲೆ ಹೊಡೆಯಿರಿ. ಶೀಟಿನ ಮೇಲೆ ಮಳೆ ಜೋರಾದರೆ ದುಡಿ ಪೂರ್ತಿ ಬಿಟ್ಟುಬಿಡಿ. ಮೂಕಿ ಚಿತ್ರಕ್ಕೆ ಮಳೆ ಅಡ್ಡಿಯಲ್ಲ.

ಮಂಜಿನೂರು:
ತುಂಬಾ ಉಪಕಾರ. ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ಉಗಿ ಇಂಜಿನ್ ನೋಡಿದ ಮಕ್ಕಳು ಇಲ್ಲವೇ ಇಲ್ಲ ಎನ್ನಬಹುದು. ‘ದ ಜನರಲ್’ಗೆ ಮುಂಚೆ ಏನು ವಿವರಿಸಬೇಕು?

ಹಳೇ ರೀಲು:
ಮೂರೇ ಸಂಗತಿ. ಸೌದೆ ಉರಿದು ನೀರು ಉಗಿಯಾಗಿ ಚಕ್ರ ತಿರುಗುತ್ತದೆ, ಅದಕ್ಕೇ ಅವನು ಓಡುತ್ತ ಸೌದೆ ಹುಡುಕುವುದು. ಚಕ್ರಗಳನ್ನು ಜೋಡಿಸುವ ಉದ್ದನೆಯ ಕಬ್ಬಿಣದ ಸರಳಿನ ಮೇಲೆ ಕೀಟನ್ ಕೂತಿರುವಾಗ ಇಂಜಿನ್ ಹೊರಡುತ್ತದೆ. ಉಗಿ ಸ್ವಲ್ಪ ಹೆಚ್ಚಾಗಿ ಚಕ್ರ ಜಾರಿ ಗಿರಕಿ ಹೊಡೆದಿದ್ದರೆ ಅವನು ಉಳಿಯುತ್ತಿರಲಿಲ್ಲ. ಉರಿಯುವ ಸೇತುವೆ ಮುರಿದು ಹೊಳೆಗೆ ಬೀಳುವುದು ನಿಜವಾದ ಇಂಜಿನ್, ಆಟಿಕೆಯಲ್ಲ. 1926ರ ಜುಲೈಯಲ್ಲಿ ಆರೆಗನ್‌ನ ಕಾಟೇಜ್ ಗ್ರೋವ್ ಹತ್ತಿರ ಒಂದೇ ಸಲಕ್ಕೆ ತೆಗೆದದ್ದು. ಇದನ್ನು ಮೊದಲೇ ಹೇಳದಿದ್ದರೆ ಇವತ್ತಿನ ಮಕ್ಕಳು ಕಂಪ್ಯೂಟರ್ ಕೆಲಸ ಅಂದುಕೊಳ್ಳುತ್ತಾರೆ.

ಇನ್ನೊಂದನ್ನು ಮರೆಯಬೇಡಿ. ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆಯವನು, ಗುಲಾಮಗಿರಿ ಉಳಿಸಲು ಹೋರಾಡಿದ ಪಕ್ಷ ಅದು. ಚಿತ್ರ ಆ ಮಾತೇ ಎತ್ತುವುದಿಲ್ಲ. ಒಂಬತ್ತನೇ ತರಗತಿಯವರಿಗೆ ಅದು ಅರ್ಥವಾಗುತ್ತದೆ, ಚಿತ್ರ ಮುಗಿದ ಮೇಲೆ ಹತ್ತು ನಿಮಿಷ ಅದಕ್ಕೆಂದೇ ಇಟ್ಟುಕೊಳ್ಳಿ.