ಕೇಳಿದ್ದೇ ಒಂದು, ಹೇಳುವುದೇ ಇನ್ನೊಂದು: ಟಿವಿ ಚರ್ಚೆ ನೋಡಿ ತಲೆ ಕೆಟ್ಟಿದೆ

ಖಾಲಿಹಾಳೆ:
ನಿನ್ನೆ ರಾತ್ರಿ ಒಂದೂವರೆ ಗಂಟೆ ಕೂತು ಚುನಾವಣಾ ಚರ್ಚೆ ನೋಡಿದೆ. ಈ ಸಲ ಹಠಕ್ಕೆ ಬಿದ್ದು ಪೆನ್ನು, ಹಾಳೆ ಇಟ್ಟುಕೊಂಡಿದ್ದೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ನಿರೂಪಕಿ ಕೇಳಿದ್ದು ಇಷ್ಟೇ: "ಗೆದ್ದರೆ ತೆರಿಗೆ ಏರಿಸುತ್ತೀರಾ, ಇಲ್ವಾ?" ಆ ಮನುಷ್ಯ "ಒಳ್ಳೇ ಪ್ರಶ್ನೆ ಕೇಳಿದಿರಿ" ಅಂತ ಶುರು ಮಾಡಿ, ತನ್ನ ತಾಯಿ ಪಟ್ಟ ಕಷ್ಟ ಹೇಳಿ, ಎದುರಿನ ಪಕ್ಷ ಹತ್ತು ವರ್ಷದ ಹಿಂದೆ ಮಾಡಿದ್ದನ್ನು ಕೆದಕಿ, ಕೊನೆಗೆ ದೇಶದ ಮಕ್ಕಳ ಭವಿಷ್ಯಕ್ಕೆ ಬಂದು ನಿಂತ. ಹಾಳೆಯ ಬಲಗಡೆ ಖಾಲಿ. ಸುಳ್ಳು ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಸುಳ್ಳನ್ನಾದರೂ ನಾಳೆ ಹಿಡಿದು ಕೇಳಬಹುದು. ಇದರಲ್ಲಿ ಹಿಡಿಯೋಕೆ ಏನೂ ಇಲ್ಲ. ಮೊದಲಿಂದಲೂ ಹೀಗೇನಾ, ಅಥವಾ ನನಗೇ ತಾಳ್ಮೆ ಕಡಿಮೆ ಆಗಿದೆಯಾ?

ಹಳೇಟೇಪು:
ಮೊದಲಿಂದಲೂ ಹೀಗೇ ಸ್ವಾಮಿ. ಅಮೆರಿಕದ ಅಧ್ಯಕ್ಷ ಚುನಾವಣೆಗಳನ್ನೇ ನೋಡಿ, 1960ರ ಕೆನಡಿ, ನಿಕ್ಸನ್ ಚರ್ಚೆ ಅಂದರೆ ಜನ ಇವತ್ತಿಗೂ ಹೇಳುವುದು ನಿಕ್ಸನ್ ಮುಖದ ಬೆವರು, ಗಡ್ಡದ ನೆರಳು. ಮಾತಾಡಿದ್ದೇನು ಅಂತ ಕೇಳಿ ನೋಡಿ. 1976ರಲ್ಲಿ ಫೋರ್ಡ್, ಕಾರ್ಟರ್ ಚರ್ಚೆಯ ನಡುವೆ ಧ್ವನಿ ಕೈಕೊಟ್ಟಿತು. 27 ನಿಮಿಷ ಇಬ್ಬರೂ ಪೋಡಿಯಂ ಹಿಂದೆ ಬೊಂಬೆಗಳ ಥರ ನಿಂತೇ ಇದ್ದರು. ಟಿವಿ ಚರ್ಚೆಗಳಲ್ಲೆಲ್ಲ ಪ್ರಾಮಾಣಿಕವಾದ ಅರ್ಧ ಗಂಟೆ ಅದೊಂದೇ ಇರಬೇಕು.

1988ರದ್ದು ಇನ್ನೂ ಮಜಾ. ಅಲ್ಲಿ ಹಿಂದಿನ ಮೂರು ಚುನಾವಣೆಗಳಲ್ಲಿ ಚರ್ಚೆ ನಡೆಸಿದ್ದ ಲೀಗ್ ಆಫ್ ವಿಮೆನ್ ವೋಟರ್ಸ್ ಅನ್ನುವ ಮತದಾರರ ಸಂಘಟನೆ ಮಧ್ಯದಲ್ಲೇ ಕೈ ತೊಳೆದುಕೊಂಡಿತು. ಯಾರು ಪ್ರಶ್ನೆ ಕೇಳಬೇಕು, ಸಭೆಯಲ್ಲಿ ಯಾರು ಕೂರಬೇಕು ಅನ್ನುವುದನ್ನೆಲ್ಲ ಎರಡೂ ಕಡೆಯವರು ಒಳಗೊಳಗೇ ಮಾತಾಡಿಕೊಂಡು 16 ಪುಟದ ಒಪ್ಪಂದ ತಂದಿಟ್ಟಿದ್ದರು. ಇದು ಮತದಾರರಿಗೆ ಮಾಡುವ ಮೋಸ ಅಂತ ಲೀಗ್ ನೇರವಾಗೇ ಹೇಳಿತು. ಚರ್ಚೆ ಏನೂ ನಿಲ್ಲಲಿಲ್ಲ, ನಡೆಸುವವರು ಬದಲಾದರು ಅಷ್ಟೇ.

ಮೈಕ್‌ಹುಡುಗ:
ನಾನು ಕೆಲವು ವರ್ಷ ಸ್ಟುಡಿಯೋದಲ್ಲಿ ಅತಿಥಿಗಳಿಗೆ ಮೈಕ್ ಸಿಕ್ಕಿಸುವ ಕೆಲಸ ಮಾಡಿದ್ದೇನೆ. ಗಂಟಲು ಹರಿದುಕೊಳ್ಳುತ್ತಿದ್ದ ಇಬ್ಬರು ಬ್ರೇಕ್ ಬಿದ್ದ ಕೂಡಲೇ ನೀರು ಕುಡಿದು ಮಗಳ ಕಾಲೇಜಿನ ವಿಚಾರ ಮಾತಾಡುತ್ತಾರೆ. ಒಂದು ಸಲ ವೈರ್ ಸರಿಮಾಡೋಕೆ ಬಗ್ಗಿದ್ದೆ, "ಸ್ವಲ್ಪ ಜಾಸ್ತಿ ಕೂಗಿಬಿಟ್ಟೆ, ಬೇಜಾರಿಲ್ಲ ತಾನೇ?" ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದರು. ಅವರು ಸುಮ್ನೆ ನಕ್ಕು ಭುಜ ತಟ್ಟಿದರು. ಕೆಂಪು ದೀಪ ಹತ್ತಿತು, ಮತ್ತೆ ಮುಖ ಗಂಟು. ಅವರ ಸ್ನೇಹದ ಬಗ್ಗೆ ನನಗೆ ತಕರಾರಿಲ್ಲ. ಆ ಸುಳ್ಳು ಸಿಟ್ಟು ನೋಡಿದವರ ಮನೆಯಲ್ಲಿ ಮಾತ್ರ ಜಗಳ ನಿಜವಾಗೇ ಆಗುತ್ತದಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಎದುರುಮಾತು:
ಎಲ್ಲ ಸರಿ, ಆದರೆ ಜಾರಿಕೊಂಡಿದ್ದು ನಮಗೇ ಗೊತ್ತಾಗುವುದಿಲ್ಲ ಅಲ್ವಾ? 2011ರಲ್ಲಿ ರೋಜರ್ಸ್, ನಾರ್ಟನ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಮಾದಕ ವಸ್ತುಗಳ ಬಗ್ಗೆ ಪ್ರಶ್ನೆ, ಉತ್ತರ ಮಾತ್ರ ಆರೋಗ್ಯ ಸೇವೆ ಬಗ್ಗೆ. ವಿಷಯ ಹತ್ತಿರದ್ದು, ಮಾತು ನಯ, ಹಾಗಾಗಿ ಹೆಚ್ಚಿನವರು ಗಮನಿಸಲೇ ಇಲ್ಲ. ಉತ್ತರ ಬರುವಾಗ ಪ್ರಶ್ನೆಯನ್ನು ತೆರೆಯ ಮೇಲೆ ಹಾಗೇ ಬಿಟ್ಟಾಗ ಹಿಡಿದವರು ಜಾಸ್ತಿಯಾದರು. ಇಷ್ಟು ಸುಲಭದ ಕೆಲಸ ಚಾನೆಲ್‌ನವರು ಯಾಕೆ ಮಾಡುವುದಿಲ್ಲ, ನೀವೇ ಯೋಚಿಸಿ. ನಿರೂಪಕರಿಗೂ ಸ್ವಲ್ಪ ಜಿಗುಟುತನ ಬೇಕು. 1997ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕ ಪ್ಯಾಕ್ಸ್‌ಮನ್, ರಾಜಕಾರಣಿ ಮೈಕೆಲ್ ಹೋವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು 12 ಸಲ ಹಾಕಿದರು. ನೇರ ಉತ್ತರ ಸಿಗಲಿಲ್ಲ, ಆದರೆ ಸಿಗಲಿಲ್ಲ ಅನ್ನುವುದು ಎಲ್ಲರಿಗೂ ಕಂಡಿತು.

ಖಾಲಿಹಾಳೆ:
ತೆರೆ ಮೇಲೆ ಪ್ರಶ್ನೆ ಬಿಡುವ ವಿಷಯ ಗೊತ್ತಿರಲಿಲ್ಲ. ನಾಡಿದ್ದು ಎರಡನೇ ಚರ್ಚೆ ಇದೆ. ಒಂದೊಂದೇ ಪ್ರಶ್ನೆ ದಪ್ಪ ಅಕ್ಷರದಲ್ಲಿ ಬರೆದು ಟಿವಿ ಕೆಳಗೆ ಅಂಟಿಸುತ್ತೇನೆ. ಹೆಂಡತಿ ಈಗಲೇ ನಗುತ್ತಿದ್ದಾಳೆ.