ಇಪ್ಪತ್ತೊಂದು ದಿನ ತಪ್ಪದೆ ಓಡಿದರೆ ಹೋದ ಉತ್ಸಾಹ ಮರಳುತ್ತದೆಯೇ? ನಮ್ಮ ಮನೆಯ ಗುಂಪಿನ ಒಂದು ಜಗಳ

ನಮ್ಮ ಅಮ್ಮನ ತವರಿನ ವಾಟ್ಸಾಪ್ ಗುಂಪಿಗೆ ಅಜ್ಜನೇ ಅಡ್ಮಿನ್. ನಿವೃತ್ತ ಕನ್ನಡ ಪಂಡಿತರಾದ ಅವರು ಗುಂಪಿನಲ್ಲಿ ಅರ್ಧ ವಾಕ್ಯ ಬರೆಯುವುದನ್ನೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನೂ ನಿಷೇಧಿಸಿರುವುದರಿಂದ ನಮ್ಮಲ್ಲಿ ಜಗಳ ಕೂಡ ಕರ್ತೃ, ಕರ್ಮ, ಕ್ರಿಯಾಪದಗಳ ಸಮೇತ ನಡೆಯುತ್ತದೆ. ಅಕ್ಟೋಬರಿನ ಒಂದು ಭಾನುವಾರ ಭಾವ ಹಾಕಿದ ಫಾರ್ವರ್ಡ್ ಮೇಲೆ ನಡೆದ ಚರ್ಚೆಯನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಇಡುತ್ತಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ, ನಡುನಡುವೆ ಬಂದ ನೀರುದೋಸೆಯ ಚಿತ್ರಗಳನ್ನೂ ತೆಗೆದಿದ್ದೇನೆ.

ಭಾವ, ಬೆಳಿಗ್ಗೆ 6.42
(ಅನೇಕ ಬಾರಿ ಫಾರ್ವರ್ಡ್ ಆದ ಸಂದೇಶ) ಓಡುವ ಮನಸ್ಸು ಹೋಯಿತೇ? 21 ದಿನ ಒಂದು ದಿನವೂ ತಪ್ಪಿಸದೆ ಓಡಿ. 22ನೇ ದಿನ ನಿಮ್ಮ ಕಾಲುಗಳೇ ನಿಮ್ಮನ್ನು ಎಬ್ಬಿಸುತ್ತವೆ. ತಪ್ಪಿದರೆ ಮತ್ತೆ ಒಂದರಿಂದ ಎಣಿಸಿ.

ಭಾವ, 6.44
ಇದನ್ನು ಯಾರಿಗಾಗಿ ಹಾಕಿದ್ದೇನೆಂದು ಹೇಳಬೇಕಾಗಿಲ್ಲ. ಮೇ ತಿಂಗಳವರೆಗೆ ದಿನವೂ ಓಟದ ಸ್ಕ್ರೀನ್‌ಶಾಟ್ ಹಾಕುತ್ತಿದ್ದ ಒಬ್ಬರು ಮಳೆ ಹಿಡಿದಾಗಿನಿಂದ ಮೌನವಾಗಿದ್ದಾರೆ. ಈಗ ಮಳೆಯೂ ಬಿಟ್ಟಿದೆ, ನೆಪವೂ ಮುಗಿದಿದೆ.

ನಾನು, 7.20
ಭಾವ, ಮಳೆ ನನ್ನ ನೆಪವಾಗಿರಲಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಮಳೆಗೆ ಹೆದರಿದವರು ಓಟವನ್ನು ಆರಂಭಿಸುವುದೇ ಇಲ್ಲ. ನಡೆದದ್ದು ಇಷ್ಟು. ಫೆಬ್ರುವರಿಯಲ್ಲಿ 21.1 ಕಿ.ಮೀ.ಯ ಅರ್ಧ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಮುಗಿಸಬೇಕೆಂದು ಹೊರಟು 2 ಗಂಟೆ 11 ನಿಮಿಷದಲ್ಲಿ ಮುಗಿಸಿದೆ. ಆ ಹನ್ನೊಂದು ನಿಮಿಷಗಳನ್ನು ವಸೂಲು ಮಾಡಲು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇನ್ನೂ ಜೋರಾಗಿ ಓಡಿದೆ. ಜೋರಾಗಿ ಓಡಿದಷ್ಟೂ ವೇಗ ಇಳಿಯಿತು, ಕೈಗಡಿಯಾರವು ನನ್ನ ಅಭ್ಯಾಸಕ್ಕೆ ‘ಫಲವಿಲ್ಲದ್ದು’ ಎಂದು ದಿನವೂ ಬರೆದು ತೋರಿಸಿತು. ಕೊನೆಗೆ ಒಂದು ಬೆಳಿಗ್ಗೆ ಅಜ್ಜರಕಾಡಿನ ಮೈದಾನದಲ್ಲಿ ಎರಡನೇ ಸುತ್ತಿಗೇ ನಿಂತು, ಶೂ ಬಿಚ್ಚಿ, ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿದೆ. ಅವು ಆಗಸ್ಟ್‌ವರೆಗೂ ಅಲ್ಲಿಯೇ ಇದ್ದವು.

ಮಾವ, 7.41
ನಿನ್ನ ಗಡಿಯಾರಕ್ಕೆ ಭೌತಶಾಸ್ತ್ರ ಬಾರದು, ಮಾರಾಯ್ತಿ. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಬೆವರು ಆರಿದರೆ ತಣಿಯುತ್ತದೆ. ಕರಾವಳಿಯ ಮೇ ತಿಂಗಳಲ್ಲಿ ಗಾಳಿಯೇ ನೀರು ಕುಡಿದು ಕುಳಿತಿರುವಾಗ ಬೆವರು ಆರುವುದೆಲ್ಲಿಗೆ? ಮೈಯನ್ನು ತಣಿಸಲು ಚರ್ಮದ ಕಡೆಗೂ ರಕ್ತ ಹರಿಯಬೇಕು, ಓಡಲು ಕಾಲಿಗೂ ಹರಿಯಬೇಕು. ಆದ್ದರಿಂದ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ವೇಗವನ್ನೂ ಎದೆಬಡಿತವನ್ನೂ ಜೋಡಿಸಿ ಲೆಕ್ಕ ಹಾಕುವ ಯಂತ್ರ ಅದನ್ನು ನಿನ್ನ ಶಕ್ತಿ ಕುಂದಿದೆಯೆಂದು ಓದಿಕೊಂಡಿತು, ನೀನು ಅದನ್ನು ನಂಬಿದೆ.

ಭಾವ, 7.50
ಕಾರಣ ಏನೇ ಇರಲಿ, ಪರಿಹಾರ ಒಂದೇ. ನಾಳೆಯಿಂದ 21 ದಿನ ಎಣಿಸಲಿ.

ತಮ್ಮ, 8.05
ಭಾವ, ಆ 21ರ ಮೂಲವನ್ನು ತರಗತಿಗಾಗಿ ನಾನು ಹುಡುಕಿದ್ದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆಂದು 1960ರಲ್ಲಿ ಬರೆದರು. ‘ಕನಿಷ್ಠ’ ಎಂಬ ಮಾತು ದಾರಿಯಲ್ಲಿ ಬಿದ್ದುಹೋಯಿತು, ಮೂಗಿನ ಲೆಕ್ಕ ಕಾಲಿಗೆ ಬಂತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 96 ಜನ 12 ವಾರ ಒಂದೊಂದು ಹೊಸ ಅಭ್ಯಾಸವನ್ನು ನಡೆಸಿಕೊಂಡು ಬಂದಾಗ, ಅದು ತಾನಾಗಿ ಆಗುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುವಿನ ಲೆಕ್ಕದಲ್ಲಿ 66 ದಿನ ಬೇಕೆಂಬ ಅಂದಾಜು ಸಿಕ್ಕಿತು. ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ‘ಮತ್ತೆ ಒಂದರಿಂದ ಎಣಿಸಿ’ ಎನ್ನುವುದು ಶುದ್ಧ ಸುಳ್ಳು.

ಭಾವ, 8.21
ಅಧ್ಯಯನಗಳು ಅವರವರ ಪಾಡಿಗೆ ಇರಲಿ. ನನ್ನ ಅಧ್ಯಯನ ಬೇರೆ. ನನಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದ ದಿನ ಡಾಕ್ಟರು ‘ನಿಮಗೆ ಓಡುವುದರಲ್ಲಿ ಆನಂದವಿದೆಯೇ’ ಎಂದು ಕೇಳಲಿಲ್ಲ. ಮಂಗಳೂರಿನಲ್ಲಿ ಬಿಜೈಯಿಂದ ಕದ್ರಿ ಪಾರ್ಕಿಗೆ ಹೋಗಿ ನಾಲ್ಕು ಸುತ್ತು ಹಾಕಿ ಬರುವಷ್ಟರಲ್ಲಿ ಮೊದಲ ತಿಂಗಳು ನನಗೆ ಅಳು ಬರುತ್ತಿತ್ತು. ಖುಷಿ ಬಂದ ಮೇಲೆ ಏಳುತ್ತೇನೆಂದು ಮಲಗಿದ್ದರೆ ನಾನು ಇವತ್ತಿಗೂ ಮಲಗಿಯೇ ಇರುತ್ತಿದ್ದೆ. ಮನಸ್ಸನ್ನು ಕೇಳಬೇಡ, ಶೂವಿನ ದಾರ ಕಟ್ಟು. ಇದು ನನ್ನ ವಾದ.

ಅಕ್ಕ, 8.24
ಇವರು ಖುಷಿಗಾಗಿ ಓಡುವುದಿಲ್ಲವೆನ್ನುವುದನ್ನು ಯಾರೂ ನಂಬಬೇಡಿ. ಮಳೆಯಲ್ಲಿ ನೆನೆದು ಬಂದ ದಿನ ಬಚ್ಚಲುಮನೆಯಲ್ಲಿ ಯಕ್ಷಗಾನದ ಪದ ಕೇಳಿಸುತ್ತದೆ.

ನಾನು, 8.48
ಭಾವ, ನಿಮ್ಮ ವಾದದ ಅರ್ಧವನ್ನು ಒಪ್ಪುತ್ತೇನೆ. ಖುಷಿ ಬಹುಪಾಲು ಹೊರಟ ಮೇಲೆ ಬರುತ್ತದೆ, ಹೊರಡುವ ಮೊದಲು ಬರುವುದಿಲ್ಲ. ಆದರೆ ನಿಮ್ಮದು ಇಲ್ಲದಿದ್ದ ಅಭ್ಯಾಸವನ್ನು ಕಟ್ಟಿಕೊಂಡ ಕಥೆ, ನನ್ನದು ಇದ್ದ ಅಭ್ಯಾಸ ಕಹಿಯಾದ ಕಥೆ. ಮೇ ತಿಂಗಳಲ್ಲಿ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿಸದೆ ಓಡಿದ್ದರಿಂದಲೇ ಕೆಟ್ಟಿತು. ಅದೇ ಮದ್ದನ್ನು ಇನ್ನೊಂದು ಲೋಟ ಕುಡಿಯೆಂದು ಹೇಳುತ್ತಿದ್ದೀರಿ. ಸಾಲದ್ದಕ್ಕೆ, ಎರಡು ಮೂರು ತಿಂಗಳು ಬಿಟ್ಟವರು ದಿನವೂ ಓಡಲು ಹೊರಟರೆ ಉಸಿರು ಬೇಗ ಹಳೆಯ ಹದಕ್ಕೆ ಬರುತ್ತದೆ, ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಮತ್ತು ಎಲುಬು ಅಷ್ಟು ಬೇಗ ಬರುವುದಿಲ್ಲ. ಉಸಿರನ್ನು ನಂಬಿ ಓಡಿದವರು ಮೊಣಕಾಲಿನ ಕೆಳಗಿನ ಎಲುಬಿನ ನೋವು ಹಿಡಿದುಕೊಂಡು ಕೂರುತ್ತಾರೆ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು, ಓಟದ ನಡುವೆ ನಡಿಗೆ ಸೇರಿಸಿ ಶುರು ಮಾಡುವುದೇ ಕ್ಷೇಮ.

ಮಾವ, 8.55
ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಯಾರು ಎತ್ತು, ಯಾರು ಕೋಣ ಎಂದು ನಾನು ಹೇಳುವುದಿಲ್ಲ.

ಚಿಕ್ಕಮ್ಮ, 9.10
ಮನಸ್ಸಿನ ವಿಚಾರಕ್ಕೆ ಹೋಗುವ ಮೊದಲು ರಕ್ತದ ವಿಚಾರ ಮುಗಿಸೋಣ. ವಾರ್ಡಿನಲ್ಲಿ ಇಷ್ಟು ವರ್ಷ ದುಡಿದವಳಾಗಿ ಹೇಳುತ್ತೇನೆ, ‘ಉತ್ಸಾಹವಿಲ್ಲ’ ಎನ್ನುವ ಹೆಂಗಸಿನ ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಗುರುತು, ತಳ ಹಿಡಿದಿರಬಹುದು. ಮುಟ್ಟಿನಲ್ಲಿ ಹೋಗುತ್ತದೆ, ದೂರ ಓಡುವವರಿಗೆ ಬೆವರಿನಲ್ಲಿಯೂ ಸ್ವಲ್ಪ ಹೋಗುತ್ತದೆ, ನಮ್ಮ ಮನೆಯಲ್ಲಂತೂ ಊಟವಾದ ಕೂಡಲೇ ಚಹಾ ಕುಡಿದು ಇರುವ ಕಬ್ಬಿಣವನ್ನೂ ಹೀರಿಕೊಳ್ಳದಂತೆ ಮಾಡಿಕೊಳ್ಳುತ್ತೇವೆ. ಸಸ್ಯಾಹಾರಿಯಾದ್ದರಿಂದ ಬಿ12 ಮತ್ತು ಥೈರಾಯ್ಡ್ ಕೂಡ ಒಮ್ಮೆ ನೋಡಿಸು. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡ. ಇನ್ನೊಂದು ಪ್ರಶ್ನೆ, ನಾಚಿಕೆಯಿಲ್ಲದೆ ಉತ್ತರಿಸು: ಓಟ ಮಾತ್ರ ಬೇಡವಾಗಿತ್ತೋ, ಊಟ, ಜನ, ನಿದ್ದೆ ಎಲ್ಲವೂ ಬೇಡವಾಗಿತ್ತೋ? ಎಲ್ಲವೂ ಎಂದಾದರೆ ಅದು ಓಟದ ಸಮಸ್ಯೆಯಲ್ಲ, ಡಾಕ್ಟರರ ಹತ್ತಿರ ಮಾತನಾಡಬೇಕಾದದ್ದು.

ನಾನು, 9.18
ಓಟ ಮಾತ್ರ, ಚಿಕ್ಕಮ್ಮ. ಊಟವನ್ನು ನಾನು ಎಂದೂ ಬಿಟ್ಟವಳಲ್ಲ. ಸೋಮವಾರ ಬ್ಯಾಂಕಿಗೆ ಹೋಗುವ ಮೊದಲು ರಕ್ತ ಕೊಟ್ಟು ಬರುತ್ತೇನೆ.

ತಮ್ಮ, 9.40
ಸಣ್ಣಕ್ಕ ಹೇಳಿದ ‘ಕಹಿ’ಗೂ ಒಂದು ಪ್ರಯೋಗವಿದೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟು ಕೊಟ್ಟರು. ಒಂದು ಗುಂಪಿಗೆ ಎರಡನೇ ದಿನ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಸಿಕ್ಕಿತು, ಮೂರನೇ ದಿನ ಹಣ ನಿಂತಿತು. ಆಮೇಲೆ ಅವರನ್ನು ಸುಮ್ಮನೆ ಬಿಟ್ಟಾಗ, ಮೊದಲ ದಿನ ತಾವಾಗಿಯೇ ಒಗಟಿನೊಂದಿಗೆ ಕಳೆದಷ್ಟು ಹೊತ್ತನ್ನೂ ಅವರು ಕಳೆಯಲಿಲ್ಲ.

ನಾನು, 9.52
ನನ್ನ ಡಾಲರ್ ಯಾವುದೆಂದು ಈಗ ಗೊತ್ತಾಯಿತು. ಈ ಗುಂಪಿನ ಹೆಬ್ಬೆರಳುಗಳು. ಬೆಳಿಗ್ಗೆ ಓಡುವಾಗಲೇ ಇವತ್ತಿನ ಸ್ಕ್ರೀನ್‌ಶಾಟ್ ಹೇಗೆ ಕಾಣುತ್ತದೆಂದು ಯೋಚಿಸುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತರೆ ಗಡಿಯಾರವನ್ನೂ ನಿಲ್ಲಿಸುತ್ತಿದ್ದೆ, 9.8 ಕಿ.ಮೀ. ಆಗಿದ್ದರೆ ಮನೆಯ ಗೇಟಿನೆದುರು ಹಿಂದೆ ಮುಂದೆ ಓಡಿ ಹತ್ತು ಮಾಡುತ್ತಿದ್ದೆ. ಎದುರುಮನೆಯ ನಾಯಿಗೂ ನನ್ನ ಮೇಲೆ ಕನಿಕರ ಬಂದಿತ್ತು.

ಭಾವ, 9.58
ಅಂದರೆ ನಾವು ಹೊಗಳಿದ್ದೇ ತಪ್ಪಾಯಿತೇ?

ತಮ್ಮ, 10.06
ಇಲ್ಲ, ಭಾವ. ಅದೇ ಬರಹದ ಇನ್ನೊಂದು ಪ್ರಯೋಗವನ್ನು ಸಣ್ಣಕ್ಕ ಸಂತೋಷಪಡುವ ಮೊದಲು ಹೇಳಬೇಕಾಗಿತ್ತು. ಹಣದ ಬದಲು ಬಾಯಿಮಾತಿನ ಮೆಚ್ಚುಗೆ ಕೊಟ್ಟಾಗ ಆಸಕ್ತಿ ಕುಂದಲಿಲ್ಲ, ಹೆಚ್ಚಿತು. ಹೊಗಳಿಕೆಯನ್ನು ಸುಮ್ಮನೆ ದೂರುವಂತಿಲ್ಲ.

ನಾನು, 10.15
ಹಾಗಾದರೆ ಏಪ್ರಿಲ್ ಮೊದಲ ವಾರದ ಸಂದೇಶಗಳನ್ನು ತೆಗೆದು ನೋಡಿ. ಹತ್ತು ಕಿ.ಮೀ. ಹಾಕಿದ ದಿನ ಹದಿನಾಲ್ಕು ಹೆಬ್ಬೆರಳು. ಕಾಲು ನೋವೆಂದು ಮಣ್ಣಪಳ್ಳದ ಕೆರೆಗೆ ಒಂದು ಸುತ್ತು ನಡೆದು ಬಂದು ಹಾಕಿದ ದಿನ ಒಂದೂ ಇಲ್ಲ. ಆಮೇಲೆ ನಾನು ನಡೆದ ದಿನಗಳನ್ನು ಹಾಕುವುದನ್ನು ಬಿಟ್ಟೆ, ಮತ್ತೆ ಸ್ವಲ್ಪ ದಿನಕ್ಕೆ ನಡೆಯುವುದನ್ನೇ ಬಿಟ್ಟೆ.

ಅಜ್ಜ, 10.32
ಮಗಳೇ, ನೀನು ಕಳುಹಿಸಿದ್ದು ಅಂಕಿಯನ್ನು, ಆದ್ದರಿಂದ ನಾವು ಹೊಗಳಿದ್ದೂ ಅಂಕಿಯನ್ನು. ಆ ಚಿತ್ರದಲ್ಲಿ ನೋಡಲು ನಮಗೆ ಬೇರೆ ಏನನ್ನು ಕೊಟ್ಟಿದ್ದೆ? ಕಣ್ಣು ಸರಿಯಿಲ್ಲದ ನಾನು ದೊಡ್ಡ ಅಂಕಿ ಕಂಡರೆ ಹೆಬ್ಬೆರಳು ಒತ್ತುತ್ತಿದ್ದೆ, ಸಣ್ಣದು ಕಂಡರೆ ಯಾರೋ ಹಾಲಿನ ಬಿಲ್ಲು ಹಾಕಿದ್ದಾರೆಂದು ಬಿಡುತ್ತಿದ್ದೆ.

ನಾನು, 10.50
ಅಜ್ಜ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಚಿತ್ರವಿಲ್ಲದೆಯೇ ಒಂದು ಓಟವನ್ನು ಹೇಳುತ್ತೇನೆ. ಕಳೆದ ಭಾನುವಾರ ಅಕ್ಕನ ಮಗಳು ನಮ್ಮಲ್ಲಿಗೆ ಬಂದಿದ್ದಳಲ್ಲ, ಅವಳನ್ನು ಕರೆದುಕೊಂಡು ಮಲ್ಪೆಯ ಆಚೆ ಪಡುಕೆರೆ ಸೇತುವೆ ದಾಟಿ ಮಟ್ಟುವಿನ ಕಡೆಗೆ ಹೋಗಿದ್ದೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ತೆಂಗಿನ ಸಾಲಿನ ರಸ್ತೆ. ಗಡಿಯಾರವನ್ನು ಮನೆಯಲ್ಲಿ ಬಿಟ್ಟಿದ್ದೆ. ಅವಳು ಒಂದು ಲೈಟುಕಂಬದಿಂದ ಮುಂದಿನ ಕಂಬಕ್ಕೆ ಪಂದ್ಯ ಕಟ್ಟುತ್ತಾಳೆ, ಸೋತರೆ ಮೂರು ಕಂಬ ನಡೆಯುತ್ತಾಳೆ, ಗೆದ್ದರೆ ಒಣಮೀನು ಹರಡಿದ ಅಂಗಳದವರೆಗೆ ಮತ್ತೊಂದು ಪಂದ್ಯ. ಆ ಮೀನಿನ ವಾಸನೆ ಬಂದಲ್ಲಿ ಇಬ್ಬರೂ ಮೂಗು ಮುಚ್ಚಿಕೊಂಡು ಆ ದಿನದ ಅತಿ ವೇಗದ ಓಟ ಓಡಿದೆವು. ಎಷ್ಟು ದೂರವಾಯಿತು, ಎಷ್ಟು ವೇಗವಿತ್ತು ಗೊತ್ತಿಲ್ಲ. ಹಿಂದಿರುಗುವಾಗ ನಗು ಬಂದು ಓಡಲಾಗದೆ ಎರಡು ಸಲ ನಿಂತಿದ್ದು ಗೊತ್ತಿದೆ.

ಮಾವ, 10.58
ಎಲ್ಲ ಚೆನ್ನಾಗಿದೆ, ಆದರೆ ಅಳೆಯದೆ ಸುಧಾರಣೆಯಾಯಿತೆಂದು ಹೇಗೆ ತಿಳಿಯುವುದು? ಮಕ್ಕಳಾಟದಿಂದ ಎರಡು ಗಂಟೆಯೊಳಗೆ ಅರ್ಧ ಮ್ಯಾರಥಾನ್ ಮುಗಿಯುವುದಿಲ್ಲ.

ನಾನು, 11.12
ಮಾವ, ಇದು ಮಕ್ಕಳಾಟವೇ ಹೌದು, ಆದರೆ ದೊಡ್ಡವರು ಹೆಸರಿಟ್ಟ ಮಕ್ಕಳಾಟ. ಸ್ವೀಡನ್ನಿನ ತರಬೇತುದಾರ ಗೋಸ್ಟಾ ಹೋಲ್ಮರ್ 1930ರ ದಶಕದಲ್ಲಿ ಇಂಥದ್ದೇ ಕ್ರಮವೊಂದನ್ನು ತಮ್ಮ ದೂರದ ಓಟಗಾರರಿಗಾಗಿ ರೂಪಿಸಿದರು. ಸ್ವೀಡಿಷ್ ಭಾಷೆಯಲ್ಲಿ ಅದರ ಹೆಸರು ‘ಫಾರ್ಟ್‌ಲೆಕ್’, ಅಂದರೆ ವೇಗದ ಆಟ. ಮನಸ್ಸು ಬಂದಲ್ಲಿ ಜೋರು, ಸಾಕಾದಲ್ಲಿ ನಿಧಾನ. ಇನ್ನು ಅಳತೆಯ ಮಾತು: ಓಡುತ್ತಲೇ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆದರೆ ಅದು ಹಗುರದ ಓಟ, ಒಂದೊಂದೇ ಶಬ್ದ ಹೊರಟರೆ ಕಠಿಣದ್ದು. ಸೆಕೆಯಲ್ಲಿ ಈ ಅಳತೆ ಗಡಿಯಾರದಂತೆ ನನ್ನನ್ನು ಬೈಯುವುದಿಲ್ಲ.

ಅಜ್ಜ, 11.15
ಪೂರ್ತಿ ವಾಕ್ಯದ ನಿಯಮವನ್ನು ಓಟಕ್ಕೂ ತಂದದ್ದು ಸಂತೋಷ.

ಭಾವ, 11.30
ನನ್ನನ್ನು ಇಷ್ಟೆಲ್ಲ ಮಾತಿನಿಂದ ಸೋಲಿಸಲಾಗದು. ದಿನವೂ ಸ್ಕ್ರೀನ್‌ಶಾಟ್ ಹಾಕದಿದ್ದರೆ ನನಗೆ ಏಳಲಾಗುವುದಿಲ್ಲ. ನೀವೆಲ್ಲ ನೋಡುತ್ತೀರಿ ಎಂಬ ಹೆದರಿಕೆಯೇ ನನ್ನ ಅಲಾರಂ. ಅದನ್ನು ನಿಲ್ಲಿಸುವುದಿಲ್ಲ.

ನಾನು, 11.36
ನಿಲ್ಲಿಸಬೇಡಿ, ಭಾವ. ನಿಮ್ಮ ಹೆದರಿಕೆ ನಿಮಗೆ ಒಗ್ಗಿದೆ. ನನಗೆ ಕಳುಹಿಸಬೇಡಿ ಎನ್ನುವುದಷ್ಟೇ ನನ್ನ ಮಾತು. ಕಳುಹಿಸಿದರೂ ‘ಒಂದರಿಂದ ಎಣಿಸಿ’ ಎಂಬ ಸಾಲನ್ನು ಅಳಿಸಿ ಕಳುಹಿಸಿ. ಮುಂದಿನ ಭಾನುವಾರ ನಾವಿಬ್ಬರು ಮತ್ತೆ ಪಡುಕೆರೆಗೆ ಹೋಗುತ್ತೇವೆ, ಬರುವುದಿದ್ದರೆ ಶನಿವಾರ ರಾತ್ರಿಯೇ ಉಡುಪಿಗೆ ಬನ್ನಿ. ಕಿಸೆಯಲ್ಲಿ ಸಕ್ಕರೆಯ ಮಿಠಾಯಿ ಇಟ್ಟುಕೊಳ್ಳಿ, ನಿಮ್ಮ ಔಷಧಿಯಿಂದ ಓಡುವಾಗ ರಕ್ತದ ಸಕ್ಕರೆ ತೀರಾ ಇಳಿದರೆ ಅದು ಬೇಕಾದೀತು.

ಚಿಕ್ಕಮ್ಮ, 11.38
ಮಿಠಾಯಿಯ ಮಾತು ಸರಿ. ಸೋಮವಾರದ ಪರೀಕ್ಷೆ ಮರೆಯಬೇಡ.

(ಮರುದಿನ)

ಭಾವ, ಬೆಳಿಗ್ಗೆ 6.39
5.2 ಕಿಮೀ. ಕದ್ರಿ ಗುಡ್ಡದ ಏರಿನಲ್ಲಿ ಕಾಲು ಭಾರವಾಗಿ ನಡೆದೆ, ಗಡಿಯಾರವನ್ನು ನಿಲ್ಲಿಸಲಿಲ್ಲ. ಮೇಲೆ ಯಾರ ಮನೆಯಲ್ಲೋ ಪಾರಿಜಾತ ಉದುರಿತ್ತು.

ಅಜ್ಜ, 6.51
‘ಕಿ.ಮೀ.’ ಎಂದು ಚುಕ್ಕಿ ಹಾಕಿ ಬರೆಯಬೇಕು. ಯಾರ ಮನೆ ಎಂದು ನಾಳೆ ನೋಡಿಕೊಂಡು ಬಾ.