ಗಣಿಯ ಕಸ: ‘ರಾಶಿ’ಯೋ, ‘ಮೆದೆ’ಯೋ, ‘ಒಟ್ಟಿಲೋ’?

ಬಲ್ಲವರಲ್ಲಿ ಒಂದು ಕೇಳಿಕೆ. ಕಲ್ಲಿದ್ದಲು ಗಣಿಯಿಂದ ಹೊರಬೀಳುವ ಕಲ್ಲುಮಣ್ಣನ್ನು ಜರಿಯದಂತೆ ಪೇರಿಸುವುದು ಹೇಗೆಂದು ವಿವರಿಸುವ ಕೈಪಿಡಿಯೊಂದನ್ನು ಮೈಸೂರಿನಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಲೇಖನಿ ನಿಂತಿತು. ಆ ಗುಡ್ಡೆಗೆ ಏನೆನ್ನಬೇಕು?

‘ತ್ಯಾಜ್ಯ ರಾಶಿ’ ಎನ್ನುವುದು ರೂಢಿ. ನನ್ನ ಮನಸ್ಸು ಒಪ್ಪುತ್ತಿಲ್ಲ. ರಾಶಿ ಕಣದಲ್ಲಿ ಪೂಜೆ ಮಾಡಿಸಿಕೊಳ್ಳುವಂಥದ್ದು. ಅದಕ್ಕಿಂತ ಮುಖ್ಯವಾಗಿ, ಅದು ಸುರಿದದ್ದು. ಸುರಿದ ಭತ್ತ ತನ್ನ ಓರೆಯನ್ನು ತಾನೇ ಕಂಡುಕೊಳ್ಳುತ್ತದೆ. ಲಾರಿಯಿಂದ ಸುರಿದ ಗಣಿಗಲ್ಲೂ ಸುಮಾರು 35ರಿಂದ 38 ಡಿಗ್ರಿ ಓರೆಯಲ್ಲಿ ನಿಲ್ಲುತ್ತದೆ. ಆದರೆ ಒಳಗೆ ನೀರು ತುಂಬಿಕೊಂಡರೆ ಆ ನಿಲುವನ್ನು ನಂಬುವಂತಿಲ್ಲ. ಕೈಪಿಡಿ ಹೇಳುತ್ತಿರುವುದು ಸುರಿಯುವ ಕೆಲಸವನ್ನಲ್ಲ, ಒಟ್ಟುವ ಕೆಲಸವನ್ನು.

ಮಂಡ್ಯದ ಕಡೆ ನಮ್ಮ ಸೋದರಮಾವ ಹುಲ್ಲಿನ ಮೆದೆ ಒಟ್ಟುತ್ತಿದ್ದುದು ಕಣ್ಣಿಗೆ ಕಟ್ಟಿದೆ. ನೀರು ನಿಲ್ಲದ ಜಾಗ ನೋಡುತ್ತಿದ್ದರು, ಅಡಿಗೆ ಕಲ್ಲು, ಕಟ್ಟಿಗೆ ಹಾಸುತ್ತಿದ್ದರು. ಕೆಳಗಿನಿಂದ ಒಬ್ಬರು ಹೊರೆ ಕೊಟ್ಟರೆ ಮೇಲಿದ್ದವರು ಅದನ್ನು ಹರಡಿ ತುಳಿಯಬೇಕು. ಒಮ್ಮೆ ಹಸಿ ಹುಲ್ಲು ಸೇರಿಹೋಗಿತ್ತು. ಮಾವ ಮೊಣಕೈವರೆಗೆ ಕೈ ತೂರಿಸಿ ನೋಡಿ, “ಒಳಗೇ ಬೇಯುತ್ತಿದೆ, ಬಿಚ್ಚಿರಿ” ಎಂದರು. ಗಣಿಯ ಕಸದಲ್ಲಿ ಉಳಿದ ಕಲ್ಲಿದ್ದಲೂ ಗಾಳಿ ತಾಗಿದರೆ ಹೀಗೆಯೇ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ. ಅದಕ್ಕೇ ತೆಳುವಾದ ಪದರಗಳಲ್ಲಿ ಹರಡಿ, ಒಂದೊಂದಕ್ಕೂ ರೋಲರ್ ಹಾಯಿಸುತ್ತಾರೆ. ಇದಕ್ಕೆ ‘ಸಾಂದ್ರೀಕರಣ’ ಬೇಡ, ನಮ್ಮ ಗಾರೆಯವರ ‘ದಮ್ಮಸ್ಸು’ ಸಾಕು.

ಇನ್ನೊಂದು ತೊಡಕು. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫ್ಯಾನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಒರತೆಗಳ ಮೇಲೆಯೇ ಹಾಕಿದ್ದ ಗಣಿಕಸದ ಏಳನೆಯ ಗುಡ್ಡೆ ಶಾಲೆಯ ಮೇಲೆ ಬಂದಿತು. ಸತ್ತವರು 144 ಮಂದಿ, ಅವರಲ್ಲಿ 116 ಮಕ್ಕಳು. ಇದನ್ನು ‘ಕುಸಿತ’ ಎಂದು ಬರೆದು ಹೊಡೆದುಹಾಕಿದೆ. ಬಾವಿಯ ಮಣ್ಣು ಕುಸಿಯುತ್ತದೆ, ಕೆರೆಯ ಏರಿ ಜರಿಯುತ್ತದೆ. ಅಲ್ಲಿ ಗುಡ್ಡೆಯೇ ರಾಡಿಯಾಗಿ ಹರಿದು ಬಂದಿತು. ಈ ಮೂರನ್ನೂ ಒಂದೇ ಪದಕ್ಕೆ ತುರುಕಿದರೆ ಓದುವ ಎಂಜಿನಿಯರಿಗೆ ಅಪಾಯ ಯಾವುದೆಂದೇ ತಿಳಿಯದು.

‘ಮೆದೆ’ ಎಂದರೆ ಹುಲ್ಲೇ ನೆನಪಾಗುತ್ತದೆ, ನಿಜ. ನಿಘಂಟಿನ ‘ಒಟ್ಟಿಲು’ ಹೆಚ್ಚು ಹೊಂದುತ್ತದೆ ಎನಿಸುತ್ತಿದೆ. ಕಲ್ಲಿಗೋ ಮಣ್ಣಿಗೋ ಈ ಪದವನ್ನು ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಸುರಿದದ್ದು ತಾನಾಗಿ ನಿಲ್ಲುವ ಆ ಓರೆಗೆ ‘ವಿಶ್ರಾಂತಿ ಕೋನ’ ಎನ್ನದೆ ‘ನಿಲುವೋರೆ’ ಎಂದರೆ ನಿಮ್ಮ ಕಿವಿಗೆ ಹಿತವೇ? ಮಳವಳ್ಳಿ, ನಾಗಮಂಗಲದ ಕಡೆಯ ಕಲ್ಲುಕೆಲಸದವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.